ಮೂಕಪ್ಪನ ಮೂಗು

ಸಾವಂತ್ರೆವ್ವನ ನಾಲ್ಕನೆಯ ಕೂಸು ಶ್ರಾವಣದ ಒಂದು ಮೋಡದ ಬೆಳಗಿನಲ್ಲಿ ಹುಟ್ಟಿತು. ಗಂಡು. ಸೂಲಗಿತ್ತಿ ಕೂಸನ್ನು ಒರೆಸಿ ಮುಗಿಸುವಷ್ಟರಲ್ಲಿ ಅತ್ತೆ ದುರಗವ್ವ ಮೊರದ ತುಂಬ ತೌಡು ಹರವಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೂಸನ್ನು ತಾಯಿಗೆ ತೋರಿಸಲಿಲ್ಲ. ತೌಡಿನ ಮೇಲೆ ಮಲಗಿಸಿಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು, ತಿಪ್ಪೆಯ ಮೇಲೆ ಮೊರ ಇಟ್ಟಳು, ಹಿಂದಿರುಗಿ ನೋಡದೆ ಒಳಗೆ ಬಂದಳು.

ಪಕ್ಕದ ಮನೆಯ ಲಾಲಬಿ ಅಲ್ಲೇ ಕಾದು ನಿಂತಿದ್ದಳು. ಅವಳ ಗಂಡ ಫಕ್ರುಸಾಬ ಊರೂರು ತಿರುಗಿ ಅರಳೆ ಹಿಂಜಿ ಗಾದಿ ತುಂಬುವವನು. ಲಾಲಬಿ ಮೊರ ಎತ್ತಿಕೊಂಡು ಮನೆಯನ್ನು ಸುತ್ತುಹಾಕಿ ಮುಂಬಾಗಿಲಿಗೆ ಬಂದಳು. ತಿಪ್ಪೆಯಲ್ಲಿ ಒಂದು ಕೂಸು ಸಿಕ್ಕಿದೆ, ಇದು ಇನ್ನು ತನ್ನದು, ಬೇಕಿದ್ದರೆ ಸಾಕುವುದಕ್ಕೆ ಕೊಡುತ್ತೇನೆ ಎಂದಳು. ಹಾಗೆನ್ನಬೇಕೆಂದು ದುರಗವ್ವ ಮೊದಲೇ ಹೇಳಿಕೊಟ್ಟಿದ್ದಳು. ದುರಗವ್ವ ಮೊರದಲ್ಲಿದ್ದ ತೌಡನ್ನೇ ಲಾಲಬಿಯ ಉಡಿಗೆ ಹಾಕಿ ಕೂಸನ್ನು ತೆಗೆದುಕೊಂಡಳು. ಆಮೇಲೆ ಅದನ್ನು ಸಾವಂತ್ರೆವ್ವನ ಪಕ್ಕದಲ್ಲಿ ಮಲಗಿಸಿ, ವರ್ಷ ತುಂಬುವ ತನಕ ಇದನ್ನು ನನ್ನ ಮಗ ಎನ್ನಬಾರದು, ಯಾರು ಕೇಳಿದರೂ ಲಾಲಬಿಯ ಕೂಸು ಎನ್ನಬೇಕು ಎಂದು ತಾಕೀತು ಮಾಡಿದಳು. ಸಾವಂತ್ರೆವ್ವ ಆಗಲಿ ಎಂದಳು. ಅದು ಅವಳಿಗೆ ಕಷ್ಟದ ಮಾತೇನೂ ಆಗಿರಲಿಲ್ಲ.

ಅವಳ ಮೊದಲ ಮೂರು ಮಕ್ಕಳೂ ಸತ್ತಿದ್ದವು. ಹಿರಿಯವನು ಕೂತು ಆಡುವಷ್ಟು ದೊಡ್ಡವನಾದ ಮೇಲೆ ಜ್ವರ ಬಂದು ಹೋದ. ಎರಡನೆಯವಳು ಒಂದು ಬೇಸಿಗೆಯಲ್ಲಿ ವಾಂತಿಭೇದಿಯಾಗಿ ಹೋದಳು. ಮೂರನೆಯದು ಹೆಸರಿಡುವುದಕ್ಕೂ ಉಳಿಯಲಿಲ್ಲ. ಹಿರಿಯವನು ಹೋದಾಗ ಸಾವಂತ್ರೆವ್ವ ನೆಲಕ್ಕೆ ಬಿದ್ದು ಅತ್ತಿದ್ದಳು. ಎರಡನೆಯವಳಿಗೂ ಅತ್ತಿದ್ದಳು. ಮೂರನೆಯದಕ್ಕೆ ಅಳು ಬರಲಿಲ್ಲ. ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಳು, ಹಾಲು ಬತ್ತಿದ ಮೇಲೆ ಬಟ್ಟೆ ಬಿಚ್ಚಿ ಒಗೆದು ಹಾಕಿದಳು, ಕಳೆ ತೆಗೆಯಲು ಹೊಲಕ್ಕೆ ಹೋದಳು. ಊರಿನ ಹೆಂಗಸರು ಇವಳೇನು ಕಲ್ಲಾದಳು ಎಂದು ಮಾತಾಡಿಕೊಂಡರು. ಕಲ್ಲಲ್ಲ. ಊಟ ಮಾಡುತ್ತಿದ್ದಳು, ನಿದ್ದೆ ಮಾಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಎಲ್ಲವೂ ಸ್ವಲ್ಪ ದೂರದಲ್ಲಿ ಬೇರೆ ಯಾರಿಗೋ ಆಗುತ್ತಿರುವಂತೆ ಇರುತ್ತಿತ್ತು, ಅಷ್ಟೇ.

ದುರಗವ್ವನ ತೌಡು, ತಿಪ್ಪೆ ಎಲ್ಲವಕ್ಕೂ ಕಾರಣವಿತ್ತು. ಅವಳು ಹಡೆದವರಲ್ಲಿ ಬದುಕಿ ಉಳಿದವನು ಅಂದಪ್ಪ ಒಬ್ಬನೇ, ಸಾವಂತ್ರೆವ್ವನ ಗಂಡ. ಅವನನ್ನೂ ಹೀಗೆಯೇ ತಿಪ್ಪೆಗೆ ಹಾಕಿ, ಮಾರಿ, ಕೊಂಡು, ಮೂಗು ಚುಚ್ಚಿಸಿದ್ದರು. ಅವನ ಬಲಗಡೆಯ ಹೊರಳೆಯಲ್ಲಿ ಇನ್ನೂ ತೂತಿನ ಗುರುತಿತ್ತು. ದುರಗವ್ವ ಜಗತ್ತಿನಲ್ಲಿ ಕಣ್ಣಾರೆ ಕಂಡು ನಂಬಿದ್ದೆಂದರೆ ಆ ಗುರುತನ್ನೇ.

ಕೂಸಿಗೆ ಮೂಕಪ್ಪ ಎಂದು ಹೆಸರಿಟ್ಟವಳೂ ಅವಳೇ. ಸಾವು ಬಂದು ಕರೆದರೆ ಓ ಎನ್ನಬಾರದು, ಅದಕ್ಕೆ ಮೂಕಪ್ಪ ಎಂದಳು.

ಮಹಾನವಮಿಗೆ ಮುಂಚೆ ಮೂಗು ಚುಚ್ಚಿಸುವುದೆಂದಾಯಿತು. ದುರಗವ್ವ ಊರಿನ ಮನೆಗಳ ಮುಂದೆ ಸೆರಗೊಡ್ಡಿ ನಿಂತು, ಒಡೆದ ಕೊಡದ ಚೂರು, ಮುರಿದ ಗುಂಡಿ, ಹಳೆಯ ತಂತಿ, ಹೀಗೆ ಸಿಕ್ಕ ತಾಮ್ರ ಹಿತ್ತಾಳೆಯನ್ನು ಬೇಡಿ ತಂದಳು. ಅವನ್ನು ಗಂಟು ಕಟ್ಟಿಕೊಂಡು, ಸೊಸೆ ಮೊಮ್ಮಗನನ್ನು ಕರೆದುಕೊಂಡು ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋದಳು. ಅಲ್ಲಿಯ ಅಕ್ಕಸಾಲಿ ಪತ್ತಾರ ಗಂಟು ಬಿಚ್ಚಿ ನೋಡಿ, ಬಂಗಾರದ ಒಂದು ಎಳೆಯಾದರೆ ಜಲ್ದಿ ಮಾಯುತ್ತದೆ, ಇದು ಹಸಿ ಮೈಗೆ ಒಗ್ಗುವುದು ಕಷ್ಟ ಎಂದ. ಬಂಗಾರ ಕಂಡರೆ ಇದು ಬೇಕಾದ ಮಗ ಎಂದು ಸಾವಿಗೆ ಗೊತ್ತಾಗುತ್ತದೆ, ಬೇಡಿದ ಲೋಹವೇ ಆಗಬೇಕು ಎಂದಳು ದುರಗವ್ವ. ಅವನು ಎಲ್ಲವನ್ನೂ ಕರಗಿಸಿ, ತಂತಿ ಎಳೆದು, ತುದಿ ಚೂಪು ಮಾಡಿದ. ಸಾವಂತ್ರೆವ್ವ ಕೂಸಿನ ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ತಂತಿ ಒಳಗೆ ಹೋದಾಗ ಕೂಸು ಉಸಿರು ಕಟ್ಟುವ ಹಾಗೆ ಕಿರುಚಿತು. ದುರಗವ್ವ ಮುಖ ತಿರುಗಿಸಿ ಸೆರಗು ಬಾಯಿಗೆ ಇಟ್ಟುಕೊಂಡಳು. ಸಾವಂತ್ರೆವ್ವ ನೋಡುತ್ತಲೇ ಇದ್ದಳು. ಪತ್ತಾರ ತಂತಿಯನ್ನು ಉಂಗುರವಾಗಿ ಬಾಗಿಸಿ ಎರಡು ತುದಿ ಸೇರಿಸಿದ ಮೇಲೆ, ಆಯಿತೇ ಎಂದು ಕೇಳಿ ಕೈ ಬಿಟ್ಟಳು.

ಊರಿಗೆ ಬಂದ ಮೇಲೆ ಗಾಯದ ಆರೈಕೆ ಶುರುವಾಯಿತು. ಬೇವಿನ ಎಲೆ ಹಾಕಿ ಕುದಿಸಿದ ನೀರು ಆರಿಸಬೇಕು, ಅದರಲ್ಲಿ ಅರಳೆ ಅದ್ದಿ ಗಾಯದ ಸುತ್ತ ಒರೆಸಬೇಕು, ಕಟ್ಟಿದ ಹಕ್ಕಳೆಯನ್ನು ನೆನೆಸಿ ತೆಗೆಯಬೇಕು, ಉಂಗುರವನ್ನು ಒಂದು ಸುತ್ತು ತಿರುಗಿಸಬೇಕು, ಕೊನೆಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅರಳೆ ಲಾಲಬಿಯ ಮನೆಯಿಂದ ಬರುತ್ತಿತ್ತು. ಫಕ್ರುಸಾಬ ಹಿಂಜುವಾಗ ಬಿಳಿಯದನ್ನು ಆರಿಸಿ ತೆಗೆದಿಡುತ್ತಿದ್ದ. ಮೊದಲ ದಿನ ದುರಗವ್ವ ತಾನೇ ಕೂತಳು. ಕೂಸು ಅತ್ತ ಕೂಡಲೇ ಅವಳ ಬೆರಳು ನಡುಗತೊಡಗಿದವು, ಕಣ್ಣಲ್ಲಿ ನೀರು ಬಂದು ಏನೂ ಕಾಣದಾಯಿತು. ಅರಳೆಯನ್ನು ಸೊಸೆಯ ಕೈಗೆ ಕೊಟ್ಟಳು.

“ನೀನ ಮಾಡು. ನಿನ್ನ ಕೈ ನಡಗೂದಿಲ್ಲ,” ಎಂದಳು.

ಅದು ಹೊಗಳಿಕೆಯೋ ದೂರೋ ಸಾವಂತ್ರೆವ್ವನಿಗೆ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನ್ನಿಸಲಿಲ್ಲ. ಅಂದಿನಿಂದ ಅವಳೇ ಮಾಡಿದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಕೈಗಳನ್ನು ಬಟ್ಟೆಯಲ್ಲಿ ಸುತ್ತಿ, ಅಕ್ಕಿಯಲ್ಲಿ ಹರಳು ಆರಿಸುವ ಹಾಗೆ ಹಕ್ಕಳೆ ಬಿಡಿಸಿ, ಉಂಗುರ ತಿರುಗಿಸಿ, ಎಣ್ಣೆ ಹಚ್ಚಿ ತೊಟ್ಟಿಲಿಗೆ ಹಾಕುತ್ತಿದ್ದಳು. ಕೂಸು ಅಳುತ್ತಿತ್ತು. ಅವಳು ಎದ್ದು ಹೋಗಿ ರೊಟ್ಟಿ ಬಡಿಯಲು ಕೂರುತ್ತಿದ್ದಳು.

ಅದೇ ವಾರ ಹಚ್ಚೆ ಚುಚ್ಚುವ ಕೊರವರ ಹೆಂಗಸು ಊರಿಗೆ ಬಂದಳು. ಸೊಸೆಯ ಮುಂಗೈ ಮೇಲೆ ತೊಟ್ಟಿಲು ಚುಚ್ಚಿಸಿದರೆ ಮನೆಯ ತೊಟ್ಟಿಲು ಬರಿದಾಗುವುದಿಲ್ಲ ಎಂದು ದುರಗವ್ವನಿಗೆ ಅನ್ನಿಸಿತು. ಸಾವಂತ್ರೆವ್ವ ಕಟ್ಟೆಯ ಮೇಲೆ ಕೈ ಚಾಚಿ ಕೂತಳು. ಆ ಹೆಂಗಸು ಸೂಜಿಗಳ ಕಟ್ಟನ್ನು ಕಪ್ಪಿನಲ್ಲಿ ಅದ್ದಿ ಚುಚ್ಚುತ್ತ, ನೋವು ಮರೆಯಲೆಂದು ಹಾಡು ಹೇಳತೊಡಗಿದಳು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಇವಳ ಮುಖ ನೋಡಿದಳು. ಸಾವಂತ್ರೆವ್ವ ಅಂಗಳದಲ್ಲಿ ಮಣ್ಣು ಕೆದರುವ ಕೋಳಿಯನ್ನು ನೋಡುತ್ತಿದ್ದಳು. ನೋವಾಗುತ್ತಿಲ್ಲವೇ ಎಂದು ಕೇಳಿದ್ದಕ್ಕೆ ಆಗುತ್ತಿದೆ ಎಂದಳು. ಆಗುತ್ತಿತ್ತು ಕೂಡ. ಆಚೆ ಮನೆಯಲ್ಲಿ ಒಗ್ಗರಣೆ ಹಾಕಿದ್ದು ಈಚೆ ಮನೆಗೆ ಗೊತ್ತಾಗುವ ಹಾಗೆ ಗೊತ್ತಾಗುತ್ತಿತ್ತು. ಹೆಂಗಸು ಹಾಡು ಬಿಟ್ಟು ಕೆಲಸ ಮುಗಿಸಿದಳು. ಔಡಲ ಎಣ್ಣೆ ಹಚ್ಚು, ಬಿಸಿಲಿಗೆ ಒಡ್ಡಬೇಡ, ಒಣಗುವಾಗ ಕಡಿತ ಬಂದರೆ ಕೆರೆಯಬೇಡ ಎಂದು ಹೇಳಿ ಹೋದಳು. ಸಾವಂತ್ರೆವ್ವ ಎಣ್ಣೆ ಹಚ್ಚಲು ಮರೆತಳು. ಮರುದಿನದಿಂದ ಶೇಂಗಾ ಕೀಳಲು ಹೊಲಕ್ಕೆ ಹೋದಳು. ಕೈ ಕಡಿದಾಗ ಕೆರೆದಳು. ಹಚ್ಚೆಯ ತೊಟ್ಟಿಲಿನ ಒಂದು ಹಗ್ಗ ಸಿಪ್ಪೆಯ ಜೊತೆ ಕಿತ್ತು ಬಂತು. ಉಳಿದದ್ದು ಹೇಗೋ ಮಾಯ್ದು ಹಸಿರಾಗಿ ನಿಂತಿತು.

ಕೂಸಿನ ಮೂಗು ಮಾತ್ರ ಮಾಯಲಿಲ್ಲ. ಶೇಂಗಾದ ಹೊಲದಲ್ಲಿ ಬೇವಿನ ಮರಕ್ಕೆ ಜೋಲಿ ಕಟ್ಟಿ ಮಲಗಿಸುತ್ತಿದ್ದರು. ಬಳ್ಳಿ ಕಿತ್ತು ಒದರುವಾಗ ಏಳುವ ಕೆಂಪು ಧೂಳು ಜೋಲಿಯ ಮೇಲೂ ಕೂರುತ್ತಿತ್ತು. ನೊಣ ಬರುತ್ತಿದ್ದವು. ಉಂಗುರ ಹಸಿರು ಬಿಟ್ಟಿತು. ಹೊರಳೆ ಮೊದಲು ಕೆಂಪಾಯಿತು, ಆಮೇಲೆ ಊದಿ ಹೊಳೆಯತೊಡಗಿತು, ಒತ್ತಿದರೆ ಕೀವು ಬಂತು. ದುರಗವ್ವ ಅರಿಶಿನ ಹೆಚ್ಚು ಮಾಡಿಸಿದಳು. ಇನ್ನೂ ಚೆನ್ನಾಗಿ ತಿರುಗಿಸು, ಕೀವು ಹೊರಗೆ ಬರಲಿ ಎಂದಳು. ಸಾವಂತ್ರೆವ್ವ ಹೇಳಿದಷ್ಟು ತಿರುಗಿಸಿದಳು.

ಒಂದು ಮುಂಜಾನೆ ಕೂಸು ಮೊಲೆ ಹಿಡಿಯಲಿಲ್ಲ. ಹಿಡಿಯುತ್ತಿತ್ತು, ಎರಡು ಗುಟುಕಿಗೆ ಉಸಿರು ಸಿಗದೆ ಬಿಟ್ಟು ಅಳುತ್ತಿತ್ತು. ಮೈ ಸುಡುತ್ತಿತ್ತು. ಕೆನ್ನೆಯ ತನಕ ಬಾವು ಏರಿತ್ತು. ಸಾವಂತ್ರೆವ್ವ ಅದನ್ನು ತೊಟ್ಟಿಲಿಗೆ ಹಾಕಿ, ಹಗ್ಗದ ಮೇಲೆ ಒಣಗಿದ್ದ ಅದರ ಬಟ್ಟೆಗಳನ್ನೆಲ್ಲ ತೆಗೆದು, ಒಂದೊಂದನ್ನೂ ಮಡಚಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಇಡತೊಡಗಿದಳು. ಹಿಂದಿನ ಮೂರು ಸಲವೂ ಆ ಕೆಲಸ ಉಳಿದುಹೋಗಿ, ಆಮೇಲೆ ಹಗ್ಗದ ಮೇಲಿನ ಬಟ್ಟೆ ತೆಗೆಯುವುದೇ ದೊಡ್ಡ ಕೆಲಸವಾಗಿತ್ತು. ಈ ಸಲ ಮೊದಲೇ ಮುಗಿಸಿಬಿಡಬೇಕು ಎಂದಷ್ಟೇ ಅವಳಿಗೆ ಅನ್ನಿಸಿದ್ದು.

ಅರಳೆ ಕೊಡಲು ಬಂದ ಲಾಲಬಿ ಇದನ್ನು ಕಂಡಳು.  ತೊಟ್ಟಿಲಲ್ಲಿ ಕೈ ಹಾಕಿ ಕೂಸಿನ ಮೈ ಮುಟ್ಟಿ ನೋಡಿ, ನೆಟ್ಟಗೆ ದುರಗವ್ವನ ಹತ್ತಿರ ಹೋಗಿ ಗದಗಿನ ದವಾಖಾನೆಗೆ ಒಯ್ಯಬೇಕು, ಈಗಲೇ ಒಯ್ಯಬೇಕು ಎಂದಳು. ದುರಗವ್ವ ಕೊನೆಗೆ ಒಪ್ಪಿದಳು. ತನ್ನ ಕಾಲು ಏಳುವುದಿಲ್ಲ, ನೀನೇ ಜೊತೆಗೆ ಹೋಗು ಎಂದು ಲಾಲಬಿಗೆ ಹೇಳಿದಳು. ಸೊಸೆ ಹೊಸ್ತಿಲು ದಾಟುವಾಗ ಅವಳ ಮುಂದೆ ಬಂದು ನಿಂತಳು.

“ಸೂಜಿ ಮಾಡಸು, ಗುಳಿಗಿ ಕೊಡಸು, ಏನರ ಮಾಡಸು. ಉಂಗುರ ಮಾತ್ರ ತಗಿಸಬ್ಯಾಡ. ಅದು ಇರೂತನಾ ಕೂಸು ಇರ್ತೈತಿ. ತಗದಿ ಅಂದ್ರ ಹೋತು.”

ಸಾವಂತ್ರೆವ್ವ ಆಗಲಿ ಎಂದಳು.

ಅಂದಪ್ಪ ಗದಗಿನ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಅಮಾವಾಸ್ಯೆಗೆ, ಹಬ್ಬಕ್ಕೆ ಮನೆಗೆ ಬರುತ್ತಿದ್ದ. ಬಸ್ಸಿಳಿದ ಮೇಲೆ ಹೆಂಗಸರಿಬ್ಬರೂ ಮೊದಲು ಗಿರಣಿಯ ಗೇಟಿಗೆ ಹೋದರು. ತಲೆಗೂ ಹುಬ್ಬಿಗೂ ಹತ್ತಿಯ ಎಳೆ ಅಂಟಿದ್ದ ಅಂದಪ್ಪ ಹೊರಗೆ ಬಂದು ಕೂಸನ್ನು ನೋಡಿದ. ಅವನ ಮುಖ ಬಿಳಿಚಿತು. ಅವ್ವ ಏನಂದಳು ಎಂದು ಕೇಳಿದ. ಸಾವಂತ್ರೆವ್ವ ಹೇಳಿದಳು. ಅವನು ತನಗರಿವಿಲ್ಲದೆ ತನ್ನ ಹೊರಳೆಯನ್ನು ಮುಟ್ಟಿಕೊಂಡು, ಹಾಗಾದರೆ ಉಂಗುರ ಇರಲಿ ಎಂದ. ಪಾಳಿ ಬಿಟ್ಟ ಕೂಡಲೇ ದವಾಖಾನೆಗೆ ಬರುತ್ತೇನೆ ಎಂದು ಹೇಳಿ ಒಳಗೆ ಹೋದ. ಹೋಗುವಾಗ ಎರಡು ಸಲ ತಿರುಗಿ ನೋಡಿದ.

ದವಾಖಾನೆಯಲ್ಲಿ ಬಹಳ ಹೊತ್ತು ಕೂರಬೇಕಾಗಲಿಲ್ಲ. ಸಾಲಿನಲ್ಲಿದ್ದವರೇ ಕೂಸಿನ ಮುಖ ಕಂಡು ಮುಂದೆ ಬಿಟ್ಟರು. ಅಲ್ಲಿದ್ದವರು ಒಬ್ಬ ನಡುವಯಸ್ಸಿನ ಡಾಕ್ಟರಬಾಯಿ. ಕೂಸನ್ನು ಮೇಜಿನ ಮೇಲೆ ಮಲಗಿಸಿಕೊಂಡು ಬ್ಯಾಟರಿ ಬೆಳಕು ಬಿಟ್ಟು ಮೂಗಿನೊಳಗೆ ನೋಡಿದರು. ಊತ ಉಂಗುರವನ್ನು ನುಂಗುತ್ತಿದೆ, ಅದನ್ನು ಕತ್ತರಿಸಿ ತೆಗೆದು ಕೀವು ಬಿಡಿಸಿ ಸೂಜಿ ಕೊಡಬೇಕು ಎಂದರು. ಲಾಲಬಿ ಸಾವಂತ್ರೆವ್ವನ ಮುಖ ನೋಡಿದಳು. ಸಾವಂತ್ರೆವ್ವ ಉಂಗುರ ತೆಗೆಯುವ ಹಾಗಿಲ್ಲ ಎಂದು ಹೇಳಿದಳು. ಯಾಕೆ ಎಂದು ಡಾಕ್ಟರಬಾಯಿ ಕೇಳಿದರು. ಲಾಲಬಿ ಒಂದೆರಡು ಮಾತಿನಲ್ಲಿ ತಿಳಿಸಿದಳು. ಡಾಕ್ಟರಬಾಯಿ ನಗಲಿಲ್ಲ, ಬೈಯಲೂ ಇಲ್ಲ. ಇಂಥವನ್ನು ಅವರು ಬಹಳ ನೋಡಿದ್ದರೆಂದು ಕಾಣುತ್ತದೆ.

“ಇಷ್ಟು ಸಣ್ಣ ಕೂಸಿಗೆ ಬಾಯಿಂದ ಉಸಿರಾಡ್ಲಿಕ್ಕೆ ಬರೂದಿಲ್ಲವ್ವಾ. ಮೂಗು ಕಟ್ಟಿದ್ರ ಹಾಲು ಕುಡಿಯೂದಿಲ್ಲ. ನಂಜು ಮೇಲಕ್ಕ ಏರಿದ್ರ ನನ್ನ ಕೈಯಾಗ ಏನೂ ಇರೂದಿಲ್ಲ. ಈಗ ಹೇಳ್ರಿ. ಇದರ ತಾಯಿ ಯಾರು?”

 ಲಾಲಬಿಯೇ ಹೇಳಬೇಕಿತ್ತು. ತಿಪ್ಪೆಯಿಂದ ಎತ್ತಿಕೊಂಡವಳು ಅವಳು, ಅವಳ ಕೂಸು, ಅವಳು ತೆಗೆಯಿರಿ ಎಂದಿದ್ದರೆ ದುರಗವ್ವನ ಕಟ್ಟಳೆಗೂ ಭಂಗವಿರಲಿಲ್ಲ. ಸಾವಂತ್ರೆವ್ವ ಅದನ್ನೇ ಕಾಯುತ್ತಿದ್ದಳು. ಲಾಲಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮೆಲ್ಲಗೆ ಹೇಳಿದಳು.

“ನಾ ಹೆಂಗ ಹೇಳ್ಲಿ ಸಾವಂತ್ರಿ. ಹೆಚ್ಚುಕಮ್ಮಿ ಆದ್ರ ಲಾಲಬಿ ತಗಿಸಿದ್ಲು ಅಂತಾರ. ಊರಾಗ ನಾ ಇರಬೇಕಲ್ಲ.”

ಅದು ಖರೆಯೇ. ಸಾವಂತ್ರೆವ್ವನಿಗೆ ಲಾಲಬಿಯ ಮೇಲೆ ಸಿಟ್ಟು ಬರಲಿಲ್ಲ. ಮೇಜಿನ ಮೇಲೆ ಕೂಸು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅಳುವುದಕ್ಕೂ ಅದರಲ್ಲಿ ಶಕ್ತಿ ಇರಲಿಲ್ಲ. ಹಣೆಯ ಮೇಲೆ ಒಂದು ಸಣ್ಣ ನರ ಎದ್ದು ಕಾಣುತ್ತಿತ್ತು. ಇಷ್ಟು ದಿನ ಅದರ ಮೂಗನ್ನು ಅಷ್ಟು ಹತ್ತಿರದಿಂದ ನೋಡಿದ್ದಳು. ಆ ನರವನ್ನು ನೋಡಿರಲಿಲ್ಲ.

“ನಾನರಿ,” ಎಂದಳು. ಅವಳ ದನಿ ಎಂದಿನಂತೆ ಸಪಾಟಾಗಿತ್ತು. “ಕೂಸು ನಂದು. ತಗೀರಿ.”

ತಲೆ ಹಿಡಿದುಕೋ ಎಂದರು ಡಾಕ್ಟರಬಾಯಿ. ಅವಳು ಪತ್ತಾರನ ಅಂಗಡಿಯಲ್ಲಿ ಹಿಡಿದಂತೆಯೇ ಎರಡು ಕೈಯಲ್ಲಿ ಹಿಡಿದುಕೊಂಡಳು. ಇಕ್ಕುಳದ ಬಾಯಿ ಉಂಗುರಕ್ಕೆ ತಾಗಿದಾಗ ಕೂಸಿನ ತಲೆ ಅಲುಗಿತು. ಸರಿಯಾಗಿ ಹಿಡಿ, ಅಲುಗಿಸಬೇಡ ಎಂದು ಡಾಕ್ಟರಬಾಯಿ ಗದರಿದರು. ಅಲುಗುತ್ತಿದ್ದದ್ದು ಕೂಸಲ್ಲ, ತನ್ನ ಕೈಗಳು ಎಂದು ಸಾವಂತ್ರೆವ್ವನಿಗೆ ಆಗ ತಿಳಿಯಿತು. ಮೊಳಕೈಗಳನ್ನು ಮೇಜಿಗೆ ಊರಿದರೂ ನಿಲ್ಲಲಿಲ್ಲ. ಕೊನೆಗೆ ಲಾಲಬಿ ಮುಂದೆ ಬಂದು ಅವಳ ಕೈಗಳ ಮೇಲೆ ತನ್ನ ಕೈಯಿಟ್ಟು ಒತ್ತಿ ಹಿಡಿದಳು. ತಂತಿ ಟಕ್ಕೆಂದು ತುಂಡಾಯಿತು.

ಆಮೇಲೆ ನರ್ಸ್ ಅವಳನ್ನು ಒಂದು ಮೂಲೆಗೆ ಕರೆದು ಏನೇನು ಮಾಡಬೇಕೆಂದು ಹೇಳಿಕೊಟ್ಟಳು. ಮೊದಲು ಸಾಬೂನು ಹಚ್ಚಿ ನಿನ್ನ ಕೈ ತೊಳೆದುಕೋ. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕು, ಅದರಲ್ಲಿ ಒರೆಸು. ಒಮ್ಮೆ ಒರೆಸಿದ ಅರಳೆಯನ್ನು ಎಸೆದುಬಿಡು, ಮತ್ತೆ ಅದ್ದಬೇಡ. ಹಾಲು ಕುಡಿಸುವ ಮುಂಚೆ ಅದೇ ನೀರಿನ ಒಂದು ಹನಿ ಮೂಗಿಗೆ ಬಿಡು. ಎಣ್ಣೆ ಬೇಡ, ಅರಿಶಿನ ಬೇಡ. ನೊಣ ಕೂರದ ಹಾಗೆ ತೆಳ್ಳನೆಯ ಬಟ್ಟೆ ಮುಚ್ಚು. ಹಕ್ಕಳೆ ಕಟ್ಟಿದರೆ ಕೀಳಬೇಡ. ಅದು ತಾನೇ ಬೀಳಬೇಕು. ಸಾವಂತ್ರೆವ್ವ ಎಲ್ಲಕ್ಕೂ ತಲೆಯಾಡಿಸಿದಳು. ಕೊನೆಯದನ್ನು ಮಾತ್ರ ಇನ್ನೊಮ್ಮೆ ಕೇಳಿದಳು. ಏನೂ ಮಾಡದೆ ಬಿಟ್ಟರೆ ಮಾಯುತ್ತದೆಯೇ ಎಂದು. ಹೌದು, ಬಿಡುವುದೇ ಔಷಧ ಎಂದಳು ನರ್ಸ್.

ಪಾಳಿ ಬಿಟ್ಟು ಓಡಿ ಬಂದ ಅಂದಪ್ಪ ಬರಿ ಮೂಗು ಕಂಡು ಗೋಡೆಗೆ ಒರಗಿ ಕೂತುಬಿಟ್ಟ. ಆಮೇಲೆ ಬಸ್‌ಸ್ಟ್ಯಾಂಡಿನ ತನಕ ಕೂಸನ್ನು ತಾನೇ ಎತ್ತಿಕೊಂಡು ಬಂದ.

ಹೊತ್ತು ಮುಳುಗುವ ಮುಂಚೆ ಊರು ಸೇರಿದರು. ದುರಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಕೂಸಿನ ಮುಖದ ಬಟ್ಟೆ ಸರಿಸಿ, ಕಣ್ಣಿಗೆ ಸಮ ಕಾಣದೆ ಬೆರಳಿಂದ ತಡವಿ ನೋಡಿದಳು.

“ತಗೀರಿ ಅಂತ ಯಾರು ಹೇಳಿದ್ರು?”

“ನಾನ.”

“ಏನಂತ ಹೇಳಿದಿ?”

“ನನ್ನ ಮಗ ಅಂತ ಹೇಳಿದೆ ಅತ್ತಿ.”

ದುರಗವ್ವ ಕೈ ಹಿಂದೆಗೆದಳು. ಬೈಗುಳಕ್ಕೆ ಸಾವಂತ್ರೆವ್ವ ಕಾಯುತ್ತ ನಿಂತಳು. ಮುದುಕಿ ಬೈಯಲಿಲ್ಲ. ಎದ್ದು ಒಳಗೆ ಹೋಗಿ ದೇವರ ಜಗುಲಿಯ ಮುಂದೆ ಗೋಡೆಗೆ ಮುಖ ಮಾಡಿ ಕೂತಳು. ಅಂದಿನಿಂದ ಕೂಸನ್ನು ಮುಟ್ಟಲಿಲ್ಲ. ತೊಟ್ಟಿಲಿದ್ದ ಕಡೆ ಸುಳಿಯಲಿಲ್ಲ. ಒಂದೇ ಹೊತ್ತು ಉಣ್ಣತೊಡಗಿದಳು. ಅದು ಸಿಟ್ಟಲ್ಲ ಎಂದು ಸಾವಂತ್ರೆವ್ವನಿಗೆ ಗೊತ್ತಿತ್ತು. ಹೋಗುವ ಕೂಸೆಂದು ಮುದುಕಿ ಈಗಲೇ ಕೈ ಬಿಡುತ್ತಿದ್ದಳು. ಆ ವಿದ್ಯೆ ಈ ಮನೆಯಲ್ಲಿ ಯಾರಿಗೂ ಹೊಸದಲ್ಲ.

ಉಳಿದ ಸೂಜಿಗಳನ್ನು ಲಕ್ಷ್ಮೇಶ್ವರದಲ್ಲೇ ಕೊಡಿಸಿದರೆ ಆದೀತು ಎಂದು ಡಾಕ್ಟರಬಾಯಿ ಚೀಟಿ ಕೊಟ್ಟಿದ್ದರು. ಸಾವಂತ್ರೆವ್ವ ದಿನಾಲು ಕೂಸನ್ನು ಕಟ್ಟಿಕೊಂಡು ಬಸ್ಸು ಹತ್ತಿದಳು. ಒಂದು ದಿನ ಪಕ್ಕದಲ್ಲಿ ಕೂತ ಶಿರಹಟ್ಟಿಯ ಕಡೆಯ ಹೆಂಗಸೊಬ್ಬಳು ಕೂಸಿನ ಮೂಗಿಗೇನಾಯಿತು ಎಂದು ವಿಚಾರಿಸಿದಳು. ಇವಳು ಹೇಳಿದಳು. ಇದು ಚೊಚ್ಚಲೋ ಎಂದು ಆ ಹೆಂಗಸು ಕೇಳಿದಳು.

“ಅಲ್ಲರಿ. ನಾಕನೇದು,” ಎಂದಳು ಸಾವಂತ್ರೆವ್ವ. ಸ್ವಲ್ಪ ತಡೆದು, “ಹಿರ್ಯಾವ ಹುಲಗಪ್ಪ. ಆಮ್ಯಾಲ ದ್ಯಾಮವ್ವ. ಮೂರನೇದಕ್ಕ ಹೆಸರಿಟ್ಟಿದ್ದಿಲ್ಲ. ಅದೂ ಹೆಣ್ಣು,” ಎಂದಳು.

ಮಕ್ಕಳು ಎಲ್ಲಿದ್ದಾರೆ ಎಂದು ಆ ಹೆಂಗಸು ಕೇಳಲಿಲ್ಲ. ಇವಳ ಮುಖ ನೋಡಿ ತಿಳಿದುಕೊಂಡಳೇನೋ. ತನ್ನ ಚೀಲ ಸರಿಸಿ ಕೂಸಿನ ಕಾಲಿಗೆ ಜಾಗ ಮಾಡಿಕೊಟ್ಟಳು. ಸಾವಂತ್ರೆವ್ವ ಕಿಟಕಿಯ ಆಚೆ ಜೋಳದ ಹೊಲಗಳನ್ನು ನೋಡುತ್ತ ಕೂತಳು. ಹೆಸರುಗಳನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಏನಾದರೂ ಆಗಬಹುದೆಂದು ಕಾದಳು. ಏನೂ ಆಗಲಿಲ್ಲ. ಬಸ್ಸು ಹೋಗುತ್ತಲೇ ಇತ್ತು.

ಜ್ವರ ಇಳಿಯಿತು. ಕೆನ್ನೆಯ ಬಾವು ಇಳಿಯಿತು. ಕೀವು ನಿಂತು, ಗಾಯದ ಮೇಲೆ ಎಳ್ಳಿನ ಗಾತ್ರದ ಕಂದು ಹಕ್ಕಳೆ ಕಟ್ಟಿತು. ಅದನ್ನು ಮುಟ್ಟದೆ ಇರುವುದು ಸಾವಂತ್ರೆವ್ವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಉಪ್ಪುನೀರಲ್ಲಿ ಸುತ್ತ ಒರೆಸಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಮತ್ತೆ ಬಂದು ತೊಟ್ಟಿಲಲ್ಲಿ ಇಣುಕುತ್ತಿದ್ದಳು. ರೊಟ್ಟಿ ಬಡಿಯುವಾಗ ಎದ್ದು ಬಂದು ನೋಡುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಸೀದು ಹೋಗುತ್ತಿತ್ತು. ಕೂಸು ಅತ್ತರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಿದ್ದಳು. ಅದು ಹಿತವಾಗಿರಲಿಲ್ಲ. ಇದಕ್ಕಿಂತ ಮೊದಲಿನದೇ ಸುಖವಿತ್ತು ಎಂದೂ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಒಲೆಯ ಮೇಲಿನ ನೀರು ಉಕ್ಕಿತು. ಕೂಸು ಅವಳ ಕೈಯಲ್ಲಿತ್ತು. ತೊಟ್ಟಿಲ ತನಕ ಹೋಗುವಷ್ಟು ಪುರುಸೊತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಕೂತಿದ್ದ ಅತ್ತೆಯ ತೊಡೆಯ ಮೇಲೆ ಕೂಸನ್ನು ಇಟ್ಟು ಒಲೆಯ ಹತ್ತಿರ ಓಡಿದಳು. ತಿರುಗಿ ಬಂದಾಗ ದುರಗವ್ವ ಎರಡೂ ಕೈಗಳನ್ನು ಮೇಲೆತ್ತಿ, ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಕೂತಿದ್ದಳು. ಕೂಸು ಅವಳ ಸೀರೆಯ ಅಂಚನ್ನು ಹಿಡಿದಿತ್ತು. ಸಾವಂತ್ರೆವ್ವ ಅದನ್ನು ಎತ್ತಿಕೊಳ್ಳಲಿಲ್ಲ. ದೂರದಲ್ಲಿ ಕೂತಳು. ಬಹಳ ಹೊತ್ತಿನ ಮೇಲೆ ಮುದುಕಿಯ ಒಂದು ಕೈ ಕೆಳಗಿಳಿಯಿತು, ಕೂಸಿನ ಹೊಟ್ಟೆಯ ಮೇಲೆ ನಿಂತಿತು.

“ಹಾಲು ಕುಡದಾನೇನು?” ಎಂದು ಕೇಳಿದಳು.

“ಕುಡದಾನ ಅತ್ತಿ.”

ಮರುದಿನ ಹಕ್ಕಳೆ ಬಿದ್ದಿತ್ತು. ಅದು ಬಿದ್ದದ್ದನ್ನು ಯಾರೂ ನೋಡಲಿಲ್ಲ, ಬಟ್ಟೆಯಲ್ಲಿ ಹುಡುಕಿದರೂ ಸಿಗಲಿಲ್ಲ. ಹೊರಳೆಯ ಮೇಲೆ ಒಂದು ಗುಲಾಬಿ ಬಣ್ಣದ ಚುಕ್ಕೆ ಉಳಿಯಿತು. ಉಂಗುರ ಬೇಕಾಗಿದ್ದಷ್ಟು ದಿನ ಇದ್ದು ತನ್ನ ಕೆಲಸ ಮುಗಿಸಿಯೇ ಹೋಯಿತು, ಅದಕ್ಕೇ ಕೂಸು ಉಳಿಯಿತು ಎಂದು ದುರಗವ್ವ ಲಾಲಬಿಗೆ ಹೇಳಿದಳು. ಲಾಲಬಿ ಹೂಂ ಎಂದಳು. ಸಾವಂತ್ರೆವ್ವನೂ ಅಲ್ಲವೆನ್ನಲಿಲ್ಲ. ಅತ್ತೆ ಎರಡು ಹೊತ್ತು ಉಣ್ಣತೊಡಗಿದ್ದೇ ಅವಳಿಗೆ ಸಾಕಾಗಿತ್ತು.

ಸಂಕ್ರಾಂತಿ ಕಳೆದು ಹತ್ತಿ ಬಿಡಿಸುವ ಕೆಲಸ ಬಂತು. ಹೊಲದ ಬದುವಿನಲ್ಲಿ ದುರಗವ್ವ ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು ಕೂರುತ್ತಿದ್ದಳು. ಸಾವಂತ್ರೆವ್ವ ಉಡಿ ಕಟ್ಟಿಕೊಂಡು ಉಳಿದ ಹೆಂಗಸರ ಜೊತೆ ಸಾಲು ಹಿಡಿಯುತ್ತಿದ್ದಳು. ಅಂಥ ಒಂದು ಬೆಳಗ್ಗೆ, ಯಾರೂ ಏನೂ ಅಂದಿರಲಿಲ್ಲ, ಯಾವ ನೆನಪೂ ಬಂದಿರಲಿಲ್ಲ, ಒಡೆದ ಕಾಯಿಯಿಂದ ಹತ್ತಿ ಎಳೆಯುತ್ತಿದ್ದ ಅವಳ ಕೈ ನಿಂತುಹೋಯಿತು. ಅವಳು ಗಿಡಗಳ ನಡುವೆ ಕುಕ್ಕರಗಾಲಿನಲ್ಲಿ ಕೂತಳು. ಹೆಸರಿಲ್ಲದೆ ಹೋದ ಆ ಕೂಸಿಗಾಗಿ ಅಳತೊಡಗಿದಳು. ದೊಡ್ಡ ದನಿಯಲ್ಲಿ, ಬಹಳ ಹೊತ್ತು, ಆಗ ಅಳದೆ ಬಿಟ್ಟದ್ದನ್ನೆಲ್ಲ ಅತ್ತಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಸಮಾಧಾನಕ್ಕೆ ಹೋಗಲಿಲ್ಲ. ಅವಳ ಸಾಲನ್ನು ಬಿಟ್ಟು ಅಕ್ಕಪಕ್ಕದ ಸಾಲುಗಳಲ್ಲಿ ಮುಂದೆ ಹೋದರು.

ದನಿ ಇಳಿದ ಮೇಲೆ ದುರಗವ್ವ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ತಂಬಿಗೆಯಲ್ಲಿ ನೀರು ತಂದಳು.  ಮುಖ ತೊಳಕೊ, ಬಿಸಿಲು ಏರತೈತಿ ಎಂದಳು. ಸಾವಂತ್ರೆವ್ವ ಮುಖ ತೊಳೆದು ಉಳಿದ ನೀರು ಕುಡಿದಳು. ಉಡಿಯಿಂದ ಚೆಲ್ಲಿದ್ದ ಹತ್ತಿಯನ್ನು ಆರಿಸಿ, ಅಂಟಿದ ಎಲೆಯ ಚೂರು ಬಿಡಿಸಿ ಒಳಗೆ ತುಂಬಿಕೊಂಡು, ಹಿಂದೆ ಬಿದ್ದಿದ್ದ ತನ್ನ ಸಾಲಿಗೆ ಹೋದಳು.